ಮೋನಪ್ಪ, ಮೌನಪ್ಪ, ಮಾನಪ್ಪ, ಮೌನೇಶ: ಸುರಪುರ ಸೀಮೆಯ ಒಂದು ಹೆಸರಿನ ಪ್ರಕರಣ

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕು, ಕೃಷ್ಣಾ ದಂಡೆಗೆ ಹತ್ತಿರದ ಒಂದು ಹಳ್ಳಿ, ಬಡಿಗತನ ಮಾಡಿಕೊಂಡು ಬಂದ ಮನೆ. ಎಪ್ಪತ್ತು ದಾಟಿದ ಮನೆಯ ಹಿರಿಯರು 2023ರ ನವೆಂಬರಿನಲ್ಲಿ ತೀರಿಕೊಂಡರು. 2024ರ ಮೇ ತಿಂಗಳಲ್ಲಿ ಅವರ ಮಗನಿಗೆ ಗಂಡು ಮಗು ಹುಟ್ಟಿತು. ‘ಮುತ್ಯಾನೇ ತಿರುಗಿ ಬಂದಾನ, ಮುತ್ಯಾನ ಹೆಸರೇ ಇಡ್ರಿ’ ಎಂದು ಆಯಿ, ಅಂದರೆ ಮಗುವಿನ ಅಜ್ಜಿ, ಪಟ್ಟು ಹಿಡಿದರು. ಅದೇ ಹೊತ್ತಿಗೆ ಮುತ್ಯಾನ (ಅಜ್ಜನ) ಹೆಸರಿನಲ್ಲಿದ್ದ ಹೊಲವನ್ನು ಮಕ್ಕಳ ಹೆಸರಿಗೆ ಪೌತಿ ಖಾತೆ ಮಾಡಿಸಬೇಕಿತ್ತು. ಎರಡೂ ಕೆಲಸಕ್ಕೆ ಮುತ್ಯಾನ ಕಾಗದಪತ್ರಗಳನ್ನು ಒಂದೇ ಕಡೆ ಹರವಿದಾಗ, ಅವರ ಹೆಸರು ನಿಜಕ್ಕೂ ಯಾವುದು ಎಂಬ ಪ್ರಶ್ನೆಯೇ ಎದ್ದಿತು.

ಪಹಣಿಯಲ್ಲಿ ಮೋನಪ್ಪ. ಪಡಿತರ ಚೀಟಿಯಲ್ಲಿ ಮಾನಪ್ಪ. ಆಧಾರ್‌ನಲ್ಲಿ ಮೌನಪ್ಪ, ಸಾವಿನ ನೋಂದಣಿಗೆ ಮನೆಯವರು ಆಧಾರನ್ನೇ ಕೊಟ್ಟಿದ್ದರಿಂದ ಮರಣ ಪ್ರಮಾಣಪತ್ರದಲ್ಲೂ ಮೌನಪ್ಪ. ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮುಂದೆ ಮೌನೇಶ. ಊರಿನಲ್ಲಿ ಮಾತ್ರ ಹುಟ್ಟಿದಾಗಿನಿಂದ ಅವರು ಮೋನಪ್ಪನೇ.

ಈ ನಾಲ್ಕು ರೂಪಗಳಲ್ಲಿ ಯಾವುದೂ ಯಾರದೋ ಉಡಾಫೆಯಿಂದ ಹುಟ್ಟಿದ್ದಲ್ಲ. ಪ್ರತಿಯೊಂದಕ್ಕೂ ಕಾರಣವಿದೆ. ಆ ಕಾರಣ ತಿಳಿದರೆ ಮಗುವಿನ ಕಾಗದದಲ್ಲಿ ಅದನ್ನು ತಡೆಯಬಹುದು, ಹೊಲದ ಕಾಗದದಲ್ಲಿ ಅದನ್ನು ಬಿಡಿಸಬಹುದು.

ಹೆಸರು ಎಲ್ಲಿಂದ ಬಂತು

ಈ ಸೀಮೆಯಲ್ಲಿ ಮೋನಪ್ಪ ಎಂಬ ಹೆಸರಿನ ಬೇರು ತಿಂಥಣಿಯಲ್ಲಿದೆ. ಸುರಪುರದ ಪಕ್ಕದ ದೇವರಗೋನಾಲದಲ್ಲಿ ವಿಶ್ವಕರ್ಮರ ಮನೆಯಲ್ಲಿ ಹುಟ್ಟಿ, ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ನೆಲೆನಿಂತ 17ನೇ ಶತಮಾನದ ವಚನಕಾರ ಸಂತ ಮೌನೇಶ್ವರರನ್ನು ಜನ ಕರೆಯುವುದು ‘ಮೋನಪ್ಪಯ್ಯ’ ಎಂದೇ. ಮುಸ್ಲಿಮರಿಗೂ ಅವರು ಪೂಜ್ಯರು. ಜಾತ್ರೆಯ ಜೈಕಾರದಲ್ಲಿ ‘ಮೌನುದ್ದೀನ್’ ಎಂಬ ಹೆಸರೂ ‘ಹರಹರ ಮಹಾದೇವ’ ಎಂಬ ಘೋಷವೂ ಒಂದೇ ಉಸಿರಿನಲ್ಲಿ ಬರುತ್ತವೆ. ಮಕ್ಕಳಿಲ್ಲದವರು, ಹುಟ್ಟಿದ ಮಕ್ಕಳು ನಿಲ್ಲದವರು ಅಲ್ಲಿ ಹರಕೆ ಹೊತ್ತು, ಮಗುವಾದರೆ ‘ಅಪ್ಪನ ಹೆಸರು’, ಅಂದರೆ ಮೋನಪ್ಪಯ್ಯನ ಹೆಸರು, ಇಡುತ್ತಾರೆ. ಹಾಗಾಗಿ ಈ ಹೆಸರು ಬಡಿಗೇರ, ಪತ್ತಾರ, ಕಂಬಾರರ ಮನೆಗಳಲ್ಲಿ ಹೆಚ್ಚಾದರೂ ಅಲ್ಲಿಗೇ ನಿಂತಿಲ್ಲ. ಕುರುಬರಲ್ಲಿ, ನಾಯಕರಲ್ಲಿ, ಲಿಂಗಾಯತರಲ್ಲಿ ಎಲ್ಲೆಲ್ಲಿ ಹರಕೆ ಇದೆಯೋ ಅಲ್ಲಲ್ಲಿ ಇದೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ವರವಿಯಲ್ಲೂ ಮೌನೇಶ್ವರರ ಪ್ರಸಿದ್ಧ ಕ್ಷೇತ್ರವಿರುವುದರಿಂದ ಆ ಕಡೆಗೂ ಹೆಸರು ಹಬ್ಬಿದೆ. ಹೆಣ್ಣುಮಕ್ಕಳಿಗೆ ಮೋನಮ್ಮ, ಮೋನವ್ವ; ಸ್ವಲ್ಪ ಈಚೆಗೆ ಮೌನೇಶ್ವರಿ.

ಅರ್ಥದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆಯಬೇಕು, ಏಕೆಂದರೆ ಕಾಗದದ ತೊಡಕಿಗೆ ಅರ್ಧ ಕಾರಣ ಅದೇ. ಮುನಿಯ ಭಾವ ಮೌನ. ಮೌನಕ್ಕೆ ಒಡೆಯ ಮೌನೇಶ. ಇದು ಸಂಸ್ಕೃತದ ರೂಪ. ಇದನ್ನು ತಿಳಿದ ಓದಿದವರಿಗೆ ‘ಮೋನಪ್ಪ’ ಎಂಬುದು ಹಳ್ಳಿಯವರ ತಪ್ಪು ಉಚ್ಚಾರಣೆ ಎನಿಸುತ್ತದೆ. ಆದರೆ ‘ಮೋನ’ ಹಳಗನ್ನಡದಿಂದಲೂ ಕನ್ನಡದ್ದೇ ಆದ ತದ್ಭವ. ಕೌಪೀನ ಕೋವಣವಾದ ಹಾಗೆ ಮೌನ ಮೋನವಾಗಿದೆ. ಔಕಾರ ಓಕಾರವಾಗುವುದು ತದ್ಭವದ ಸಹಜ ದಾರಿ. ಅದರ ಮೇಲೆ ‘ಅಪ್ಪ’ ಸೇರಿ ಮೋನಪ್ಪ. ತಿದ್ದಬೇಕಾದದ್ದು ಅದರಲ್ಲಿ ಏನೂ ಇಲ್ಲ.

ಒಂದು ಹೆಸರು ನಾಲ್ಕಾದದ್ದು ಹೇಗೆ

ಪಡಿತರ ಚೀಟಿಯ ‘ಮಾನಪ್ಪ’ ಬಾಯಿಮಾತಿನಿಂದ ಬಂದದ್ದು. ನಮ್ಮ ಭಾಗದ ಮಾತಿನಲ್ಲಿ ತೋಟ ‘ತ್ವಾಟ’ ಆಗುತ್ತದೆ, ಗೋಡೆ ‘ಗ್ವಾಡಿ’ ಆಗುತ್ತದೆ. ಮೋನಪ್ಪನೂ ವೇಗದ ಮಾತಿನಲ್ಲಿ ‘ಮ್ವಾನಪ್ಪ’. ಹೊರಗಿನಿಂದ ಬಂದು ಮನೆಮನೆ ಪಟ್ಟಿ ಮಾಡುವವರ ಕಿವಿಗೆ ಅದು ಮಾನಪ್ಪ ಎಂದು ಬೀಳುತ್ತದೆ. ಮಾನಪ್ಪ ಎಂಬ ಹೆಸರು ಸುತ್ತಮುತ್ತ ಬೇರೆಯಾಗಿಯೂ ಚಾಲ್ತಿಯಲ್ಲಿರುವುದರಿಂದ ಬರೆದವರಿಗೆ ಅನುಮಾನವೇ ಬರುವುದಿಲ್ಲ, ಓದಲು ಬಾರದ ಮನೆಯವರಿಗೆ ಗೊತ್ತಾಗುವುದಿಲ್ಲ. ಬೆಂಗಳೂರು ಕಡೆಯ ಕಿವಿಗೆ ಇದೇ ಹೆಸರು ‘ಮೋಹನಪ್ಪ’ ಆಗುವುದೂ ಉಂಟು. ಈ ಪ್ರಕರಣದಲ್ಲಿ ಅದೊಂದು ಇರಲಿಲ್ಲ.

ಆಧಾರ್‌ನ ‘ಮೌನಪ್ಪ’ ಬಂದದ್ದು ಇಂಗ್ಲಿಷಿನ ದಾರಿಯಿಂದ. ನೋಂದಣಿ ಮಾಡುವವರು ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ, ತಂತ್ರಾಂಶ ಅದನ್ನು ತಾನಾಗಿಯೇ ಕನ್ನಡಕ್ಕೆ ತಿರುಗಿಸುತ್ತದೆ. ಇಲ್ಲಿ ಮೊದಲ ಅಕ್ಷರಕ್ಕೆ ‘ಎಂ, ಒ, ಯು’ ಹೊಡೆದದ್ದರಿಂದ ಪರದೆಯ ಮೇಲೆ ‘ಮೌ’ ಬಂತು. ‘ಯು’ ಬಿಟ್ಟು ಬರೀ ‘ಎಂ, ಒ’ ಹೊಡೆದಿದ್ದರೂ ಸರಿಹೋಗುತ್ತಿತ್ತೆಂಬ ಖಾತ್ರಿಯಿಲ್ಲ: ಇಂಗ್ಲಿಷಿನ ಒಂದೇ ‘ಒ’ ನಮ್ಮ ಒ, ಓ ಎರಡಕ್ಕೂ ಸಲ್ಲುವುದರಿಂದ ತಂತ್ರಾಂಶ ‘ಮೊನಪ್ಪ’ ಎಂದು ಹ್ರಸ್ವದಲ್ಲಿ ಕೊಡಬಹುದು. ಆ ದೀರ್ಘವನ್ನು ಕೈಯಿಂದಲೇ ಹಾಕಬೇಕು.

ಅಂಕಪಟ್ಟಿಯ ‘ಮೌನೇಶ’ ಒಬ್ಬ ಮಾಸ್ತರರ ಪ್ರೀತಿಯ ತಿದ್ದುಪಡಿ. ಮಗನನ್ನು ಒಂದನೇ ತರಗತಿಗೆ ಹಚ್ಚಿದಾಗ ತಂದೆಯ ಹೆಸರು ‘ಶುದ್ಧವಾಗಿ’ ಇರಲಿ ಎಂದು ಸಾಲಿಯ ದಾಖಲಾತಿ ವಹಿಯಲ್ಲಿ ಹಾಗೆ ಬರೆದರು. ವಹಿಯಲ್ಲಿ ಇದ್ದದ್ದೇ ವರ್ಗಾವಣೆ ಪತ್ರಕ್ಕೆ, ಅಲ್ಲಿಂದ ಹತ್ತನೇ ತರಗತಿಯ ನಾಮಪಟ್ಟಿಗೆ, ಅಲ್ಲಿಂದ ಅಂಕಪಟ್ಟಿಗೆ ಇಳಿಯಿತು.

ಇವಲ್ಲದೆ ಮನೆಯ ಟ್ರಂಕಿನಲ್ಲಿ ಇನ್ನೊಂದು ಹಳೆಯ ನಕಲು ಸಿಕ್ಕಿತು: ಇದೇ ಹೆಸರಿನ ಪೂರ್ವಿಕರೊಬ್ಬರದು, ಉರ್ದುವಿನಲ್ಲಿ. 1857–58ರಲ್ಲಿ ರಾಜಾ ವೆಂಕಟಪ್ಪ ನಾಯಕರ ಹೋರಾಟ ಮುಗಿದ ಮೇಲೆ ಸುರಪುರ ನಿಜಾಮರ ಆಳ್ವಿಕೆಗೆ ಸೇರಿತು. 1948ರವರೆಗೆ ಈ ಭಾಗದ ಕಂದಾಯದ ಕಾಗದಗಳು ಬಹುಪಾಲು ಉರ್ದು. ಉರ್ದು ಲಿಪಿಯಲ್ಲಿ ಈ ಹೆಸರು ಮೀಮ್, ವಾವ್, ನೂನ್ ಎಂದು ಶುರುವಾಗುತ್ತದೆ. ನಡುವಿನ ವಾವ್ ಅಕ್ಷರವೇ ಓ, ಊ, ಔ ಮೂರಕ್ಕೂ ಬಳಕೆಯಾಗುತ್ತದೆ, ಸ್ವರ ತೋರಿಸುವ ಚಿಹ್ನೆಗಳನ್ನು ಕಚೇರಿಯ ಬರಹದಲ್ಲಿ ಹಾಕುವುದಿಲ್ಲ. ಅಂದರೆ ಮೋನಪ್ಪ, ಮೂನಪ್ಪ, ಮೌನಪ್ಪ ಮೂರನ್ನೂ ಉರ್ದುವಿನಲ್ಲಿ ಒಂದೇ ರೀತಿ ಬರೆಯುತ್ತಾರೆ. ಹಳೆಯ ನಕಲನ್ನು ಇಂದು ಕನ್ನಡಕ್ಕೆ ತರುವವರು ತಮಗೆ ತಿಳಿದಂತೆ ಒಂದನ್ನು ಆರಿಸುತ್ತಾರೆ. ಈ ಭಾಗದಲ್ಲಿ ಹಳೆಯ ದಾಖಲೆ ಅನುವಾದ ಮಾಡಿಸುವವರು ಇದನ್ನು ಮೊದಲೇ ಹೇಳಿ, ಈಗಿನ ಪಹಣಿಯಲ್ಲಿರುವ ರೂಪವನ್ನೇ ಬರೆಯಿಸಿಕೊಳ್ಳುವುದು ಒಳ್ಳೆಯದು.

ಎಷ್ಟು ಚಾಲ್ತಿಯಲ್ಲಿದೆ

ಆಯಿಯ ಹಟಕ್ಕೆ ಸೊಸೆಯ ತಮ್ಮ ಕೊಟ್ಟ ಉತ್ತರ, ‘ಈಗ ಯಾರೂ ಇಡಂಗಿಲ್ಲ ಬಿಡ್ರಿ’ ಎಂಬುದು. ಇದು ನಿಜವೇ ಎಂದು ನೋಡುವುದು ಕಷ್ಟವಲ್ಲ. ಮತಗಟ್ಟೆವಾರು ಮತದಾರರ ಪಟ್ಟಿ ಕನ್ನಡದಲ್ಲೇ ಸಿಗುತ್ತದೆ. ಅದರಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಮೂರೂ ಇರುತ್ತವೆ. ಮೋನ-, ಮೌನ-, ಮಾನ- ಎಂದು ಶುರುವಾಗುವ ಹೆಸರುಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರೆ ಸಾಕು. ಈ ಊರಿನ ಪಟ್ಟಿಯಲ್ಲಿ ಚಿತ್ರ ಸ್ಪಷ್ಟವಾಗಿತ್ತು: ಮೋನಪ್ಪ, ಮೋನಮ್ಮ ಎಂಬವರು ಹೆಚ್ಚಾಗಿ ವಯಸ್ಸಾದವರು, ನಡುವಯಸ್ಸಿನವರಲ್ಲಿ ಮೌನೇಶ ಹೆಚ್ಚು, ಹೊಸದಾಗಿ ಮತದಾರರಾದವರಲ್ಲಿ ಮೌನೇಶ ಉಂಟು, ಮೋನಪ್ಪ ಇಲ್ಲ. ಹರಕೆ ಕಡಿಮೆಯಾಗಿಲ್ಲ, ಮಾಘದ ಜಾತ್ರೆಗೆ ಜನ ಸೇರುತ್ತಲೇ ಇದ್ದಾರೆ. ಅದೇ ದೇವರ ಹೆಸರನ್ನು ಜನ ಸಂಸ್ಕೃತದ ರೂಪದಲ್ಲಿ ಇಡತೊಡಗಿದ್ದಾರೆ, ಅಷ್ಟೇ. ಬಸಪ್ಪ ಬಸವರಾಜನಾದದ್ದೂ ಇದೇ ದಾರಿಯಲ್ಲಿ.

ಹೀಗೆ ಎಣಿಸುವಾಗ ಒಂದು ಎಚ್ಚರ ಬೇಕು. ದಕ್ಷಿಣ ಕನ್ನಡದಲ್ಲೂ ಮೋನಪ್ಪ ಎಂಬ ಹೆಸರು ಬಹಳ ಇದೆ, ಕೊಡಗಿನಲ್ಲಿ ಮೊಣ್ಣಪ್ಪ ಇದೆ. ತಿಂಥಣಿಯ ಹರಕೆಯಿಂದ ಹುಟ್ಟಿದ ಹೆಸರುಗಳಲ್ಲ ಅವು. ಇಂಗ್ಲಿಷ್ ಅಕ್ಷರದ ಪಟ್ಟಿ ಹಿಡಿದು ರಾಜ್ಯಕ್ಕೆಲ್ಲ ಒಟ್ಟು ಎಣಿಸಿದರೆ ಮೂರೂ ಕಲಸಿಹೋಗಿ, ಹೆಸರು ಇಡೀ ಕರ್ನಾಟಕದಲ್ಲಿ ಸಾಮಾನ್ಯವೆಂಬ ತಪ್ಪು ಲೆಕ್ಕ ಬರುತ್ತದೆ. ಯಾದಗಿರಿ, ರಾಯಚೂರು, ಕಲಬುರಗಿಯ ಪಟ್ಟಿಗಳನ್ನು ಬೇರೆಯಾಗಿ, ಕನ್ನಡ ಲಿಪಿಯಲ್ಲೇ ನೋಡಬೇಕು.

ಮನೆಯಲ್ಲಿ ನಡೆದ ಚರ್ಚೆ

ಮಗುವಿನ ತಂದೆಗೆ ‘ಮೌನೇಶ’ ಬೇಕಿತ್ತು. ಸೊಸೆಯ ತಮ್ಮ ಬೆಂಗಳೂರಿನಲ್ಲಿರುವವನು. ಅವನು ‘ಮೌನಿಷ್’ ಎಂದು ಸೂಚಿಸಿದ. ‘ಸಾಲ್ಯಾಗ ಹುಡುಗ್ರು ಮೋನಾ ಮೋನಾ ಅಂತ ಕಾಡ್ತಾರ’ ಎಂಬುದು ಇಬ್ಬರ ಆತಂಕ. ಇದನ್ನು ತಳ್ಳಿಹಾಕುವಂತಿಲ್ಲ, ಮಕ್ಕಳು ಕಾಡುವುದು ನಿಜ. ಆದರೆ ಯಾವ ಹೆಸರಿಗೂ ಮಕ್ಕಳು ಒಂದು ಅಡ್ಡಹೆಸರು ಹುಡುಕುತ್ತಾರೆ. ಅದಕ್ಕೆ ಹೆದರಿ ಮನೆತನದ ಹೆಸರು ಬಿಡಬೇಕಿಲ್ಲ.

ಸೊಸೆಯ ತೊಡಕು ಬೇರೆಯದೇ. ಮಾವನ ಹೆಸರನ್ನು ಬಾಯಲ್ಲಿ ಹೇಳಬಾರದು. ಈ ಭಾಗದಲ್ಲಿ ಮುತ್ಯಾನ ಹೆಸರಿಟ್ಟ ಮೊಮ್ಮಕ್ಕಳನ್ನು ತಾಯಂದಿರು ‘ಅಪ್ಪು’, ‘ಸಣ್ಣಪ್ಪ’, ‘ಮುತ್ಯಾ’ ಎಂದೇ ಕರೆದು ಬೆಳೆಸುವುದು ಅದಕ್ಕೇ. ಎಷ್ಟೋ ಮನೆಗಳಲ್ಲಿ ಇದೇ ಕಾರಣಕ್ಕೆ ತೊಟ್ಟಿಲಲ್ಲಿ ಒಂದು ಹೆಸರು, ಕಾಗದದಲ್ಲಿ ಇನ್ನೊಂದು ಹೆಸರು ಇಡುತ್ತಾರೆ. ಈ ಪ್ರಕರಣದಲ್ಲೂ ಹಾಗೇ ಆಗುವುದಿತ್ತು: ಸೋದರತ್ತೆ ಕಿವಿಯಲ್ಲಿ ಮೋನಪ್ಪ ಎಂದು ಉಸುರಿದ್ದಾಗಿತ್ತು, ಅರ್ಜಿಯಲ್ಲಿ ಮೌನೇಶ ಎಂದು ಬರೆಯಲು ತಂದೆ ಸಿದ್ಧನಾಗಿದ್ದ. ಎರಡು ಹೆಸರಿನ ಈ ಏರ್ಪಾಡು ಮನೆಯೊಳಗೆ ಸಲೀಸು. ಆದರೆ ಸಾಲಿ, ಅಂಗನವಾಡಿ, ಸಮೀಕ್ಷೆಗೆ ಬಂದವರಿಗೆ ಆಯಿ ಒಂದು ಹೇಳುತ್ತಾಳೆ, ತಂದೆ ಇನ್ನೊಂದು ಹೇಳುತ್ತಾನೆ. ಮುತ್ಯಾನಿಗೆ ಆದದ್ದೇ ಮೊಮ್ಮಗನಿಗೂ ಆಗುತ್ತದೆ.

ಕೊನೆಗೆ ಮೋನಪ್ಪ ಎಂದೇ ಬರೆಯಿಸಲು ಒಂದು ಲೆಕ್ಕವೂ ನೆರವಾಯಿತು. ‘ಮೌ’ ಅಕ್ಷರವನ್ನು ಇಂಗ್ಲಿಷಿನಲ್ಲಿ ‘ಒ ಯು’, ‘ಎ ಯು’, ‘ಒ ಡಬ್ಲ್ಯು’ ಎಂದು ಮೂರು ರೀತಿ ಬರೆಯುವವರಿದ್ದಾರೆ. ಕೊನೆಯ ‘ಶ’ಕ್ಕೆ ಒಂದು ‘ಎ’ ಸೇರಿಸುವವರು ಕೆಲವರು, ಬಿಡುವವರು ಕೆಲವರು. ಅಲ್ಲಿಗೇ ಆರು ಕಾಗುಣಿತ. ‘ಮೋನಪ್ಪ’ದಲ್ಲಿ ಹಾಗಿಲ್ಲ: ಎಂ, ಒ, ಎನ್, ಎ, ಪಿ, ಪಿ, ಎ, ಏಳೇ ಅಕ್ಷರ. ಒಂದು ‘ಪಿ’ ಬಿಟ್ಟುಹೋಗದಂತೆ, ಕನ್ನಡದಲ್ಲಿ ದೀರ್ಘ ಬಿಟ್ಟುಹೋಗದಂತೆ ನೋಡಿಕೊಂಡರೆ ಮುಗಿಯಿತು. ಹಳೆಯದೆಂದು ಬದಿಗಿಟ್ಟ ರೂಪವೇ ಕಾಗದದಲ್ಲಿ ಹೆಚ್ಚು ಗಟ್ಟಿ.

ಅರ್ಜಿ ಬರೆಯುವ ಹೊತ್ತಿಗೆ ಆಯಿ ಸೊಸೆಯ ಮುಖ ನೋಡಿದರು. ‘ನನಗ ಕರೀಲಿಕ್ಕಿ ಬರಂಗಿಲ್ರಿ ಅತ್ತಿ, ಬರೀಲಿಕ್ಕಿ ಬರ್ತದ’ ಎಂದು ಅವಳೇ ಪೆನ್ನು ತೆಗೆದುಕೊಂಡು, ಮಗುವಿನ ಹೆಸರಿನ ಜಾಗದಲ್ಲಿ ದುಂಡಗೆ ಮೋನಪ್ಪ ಎಂದು ಬರೆದಳು. ಇದು ಕಾನೂನಿಗೂ ಒಪ್ಪುವ ಕೆಲಸ: ಹೆಸರು ಸೇರಿಸಲು ತಂದೆ, ತಾಯಿ ಅಥವಾ ಪೋಷಕರು ಯಾರು ಹೇಳಿದರೂ, ಬರೆದುಕೊಟ್ಟರೂ ನಡೆಯುತ್ತದೆ.

ಜನನ ನೋಂದಣಿಯಲ್ಲಿ ಮಾಡಿದ್ದು

ಮಗು ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ್ದರಿಂದ 21 ದಿನದೊಳಗೆ ನೋಂದಣಿ ಆಗಿತ್ತು, ಹೆಸರಿನ ಕಾಲಂ ಖಾಲಿ ಇತ್ತು. ಖಾಲಿ ಬಿಟ್ಟದ್ದು ಒಳ್ಳೆಯದೇ ಆಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಂ ಪ್ರಕಾರ ಹೆಸರಿಲ್ಲದೆ ನೋಂದಣಿಯಾದ ಮಗುವಿಗೆ ಆಮೇಲೆ ಹೆಸರು ಸೇರಿಸಬಹುದು. 12 ತಿಂಗಳೊಳಗಾದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಬೇಕು. ಆದರೆ ಒಮ್ಮೆ ಬರೆದ ಹೆಸರನ್ನು ತಿದ್ದುವುದು 15ನೇ ಕಲಂಗೆ ಬರುತ್ತದೆ. ಅಲ್ಲಿ ಬರಹದ ತಪ್ಪು, ಕಣ್ತಪ್ಪಿಗೆ ಅವಕಾಶವಿದೆ. ಮನಸ್ಸು ಬದಲಾಯಿತೆಂದು ಮೌನೇಶನನ್ನು ಮೋನಪ್ಪ ಮಾಡುವುದು ಬರಹದ ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಒಮ್ಮತವಿಲ್ಲದಿದ್ದರೆ ವರ್ಷದೊಳಗೆ ಮಾತಾಡಿ ಮುಗಿಸಿ, ಅಲ್ಲಿಯವರೆಗೆ ಕಾಲಂ ಖಾಲಿ ಇರಲಿ. ಈ ಮನೆಯವರು ಮಗುವಿಗೆ ಹತ್ತು ತಿಂಗಳಾದಾಗ ಹೋದರು, ಇನ್ನೂ ಅವಧಿ ಇತ್ತು.

ಈ ಮಗುವಿನ ವಿಷಯದಲ್ಲಿ ತಪ್ಪಿದರೆ ಬೆಲೆ ಹೆಚ್ಚು. 2023ರ ತಿದ್ದುಪಡಿಯಂತೆ 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಸಾಲಿಗೆ ಸೇರಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ನೌಕರಿಗೆ, ಪಾಸ್‌ಪೋರ್ಟಿಗೆ, ಆಧಾರ್‌ಗೆ ಹುಟ್ಟಿದ ದಿನ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಮುತ್ಯಾನ ಕಾಲದಂತೆ ಒಂದೊಂದು ಕಚೇರಿಗೆ ಒಂದೊಂದು ಕಾಗದ ತೋರಿಸುವ ದಾರಿ ಈ ಮೊಮ್ಮಗನಿಗೆ ಇಲ್ಲ.

ಹೆಸರು ಸೇರಿಸಲು ಹೋದಾಗಲೇ ಉಳಿದ ಕಾಲಂಗಳನ್ನೂ ಓದಿ ನೋಡಿದ್ದರಿಂದ ಇನ್ನೊಂದು ತಪ್ಪು ಸಿಕ್ಕಿತು. ತಾಯಿಯ ಹೆಸರು ತಾಯಿ ಕಾರ್ಡಿನಿಂದ (ಬಸುರಿಯರಿಗೆ ಆರೋಗ್ಯ ಇಲಾಖೆ ಕೊಡುವ ಕಾರ್ಡು) ಇಳಿದಿತ್ತು. ಆ ಕಾರ್ಡನ್ನು ತವರುಮನೆಯಲ್ಲಿದ್ದಾಗ ಮಾಡಿಸಿದ್ದರಿಂದ ಅದರಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು. ಇದಕ್ಕೂ ಆಗಲೇ ಅರ್ಜಿ ಕೊಟ್ಟು ಸರಿಮಾಡಿಸಿಕೊಂಡರು. ಹೆರಿಗೆಗೆ ತವರಿಗೆ ಹೋಗುವ ನಮ್ಮ ಭಾಗದಲ್ಲಿ ಇದು ಪದೇಪದೇ ಆಗುವ ತಪ್ಪು. ಆಸ್ಪತ್ರೆಗೆ ಹೋಗುವ ಮೊದಲೇ ತಾಯಿ ಕಾರ್ಡನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಂಡರೆ ಆಮೇಲಿನ ಓಡಾಟ ಉಳಿಯುತ್ತದೆ.

ಆಮೇಲೆ ಮಗುವಿನ ಆಧಾರ್. ಐದು ವರ್ಷದೊಳಗಿನವರಿಗೆ ಬೆರಳಚ್ಚು ತೆಗೆಯುವುದಿಲ್ಲ, ಜನನ ಪ್ರಮಾಣಪತ್ರ ಮತ್ತು ತಂದೆ ಅಥವಾ ತಾಯಿಯ ಆಧಾರ್ ಸಾಕು. ಪರದೆಯ ಮೇಲೆ ನಿರೀಕ್ಷಿಸಿದಂತೆಯೇ ‘ಮೊನಪ್ಪ’ ಬಂತು. ಕನ್ನಡದ ಪೆಟ್ಟಿಗೆಯಲ್ಲಿ ಕೈಯಿಂದ ತಿದ್ದಿಸಿ, ಚೀಟಿಯಲ್ಲಿ ‘ಮೋ’ ದೀರ್ಘ ಮೂಡಿದೆಯೇ ಎಂದು ನೋಡಿಯೇ ತಂದೆ ಸಹಿ ಹಾಕಿದ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಅದರಲ್ಲಿ ಒಂದನ್ನು ಒಂದು ದೀರ್ಘಕ್ಕೆ ಕಳೆದುಕೊಳ್ಳಬಾರದು.

ಮುತ್ಯಾನ ಹೊಲ

ಪೌತಿ ಖಾತೆಯ ಅರ್ಜಿ ಮೊದಲ ಸಲ ವಾಪಸ್ ಬಂದಿತ್ತು. ಪಹಣಿಯ ಮೋನಪ್ಪ, ಮರಣ ಪ್ರಮಾಣಪತ್ರದ ಮೌನಪ್ಪ ಒಬ್ಬರೇ ಎಂದು ಕಾಗದದಲ್ಲಿ ಎಲ್ಲೂ ಇರಲಿಲ್ಲ. ಕಚೇರಿಯವರು ಹೀಗೆ ಕೇಳುವುದು ಸರಿಯೇ. ಒಂದೇ ಊರಿನಲ್ಲಿ ಒಂದೇ ಹೆಸರಿನ, ಒಂದೇ ಮನೆತನದ ಇಬ್ಬರು ಇರುವುದು ಇಲ್ಲಿ ಸಾಮಾನ್ಯ.

ತೀರಿಕೊಂಡವರ ಆಧಾರನ್ನು ತಿದ್ದಿಸಲು ಬರುವುದಿಲ್ಲ. ಮರಣ ಪ್ರಮಾಣಪತ್ರವನ್ನು ಪಹಣಿಗೆ ಹೊಂದಿಸಿ ತಿದ್ದಿಸಿದರೆ ಅದು ಆಧಾರ್‌ಗೆ ಹೊಂದದೆ ಬ್ಯಾಂಕಿನಲ್ಲಿ ತೊಡಕಾಗುತ್ತದೆ. ಹಾಗಾಗಿ ಯಾವುದನ್ನೂ ತಿದ್ದಲು ಹೋಗದೆ, ನಾಲ್ಕೂ ರೂಪಗಳನ್ನು ಒಂದೇ ಅಫಿಡವಿಟ್ಟಿನಲ್ಲಿ ಕಟ್ಟಿದರು: ‘ಮೋನಪ್ಪ ಉರ್ಫ್ ಮೌನಪ್ಪ ಉರ್ಫ್ ಮಾನಪ್ಪ ಉರ್ಫ್ ಮೌನೇಶ’. ಪ್ರತಿ ರೂಪದ ಎದುರು ಅದು ಯಾವ ದಾಖಲೆಯದು, ಆ ದಾಖಲೆಯ ಸಂಖ್ಯೆ ಏನು ಎಂದು ಬರೆಸಿದರು. ಇಲ್ಲಿ ಬಹಳ ಜನ ಎಡವುತ್ತಾರೆ: ಆ ದಿನದ ಕೆಲಸಕ್ಕೆ ಬೇಕಾದ ಎರಡೇ ರೂಪ ಹಾಕಿಸುತ್ತಾರೆ, ಮುಂದಿನ ಕಚೇರಿಯಲ್ಲಿ ಮೂರನೆಯದು ಎದುರಾದಾಗ ಮತ್ತೆ ನೋಟರಿಯ ಮುಂದೆ ನಿಲ್ಲುತ್ತಾರೆ. ಅಫಿಡವಿಟ್ಟಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರ ಸಹಿಯಾಯಿತು. ಗ್ರಾಮ ಆಡಳಿತಾಧಿಕಾರಿ ಊರ ಪಂಚರ ಮುಂದೆ ಪಂಚನಾಮೆ ಮಾಡಿ, ಇಬ್ಬರೂ ಒಬ್ಬರೇ ಎಂದು ವರದಿ ಕೊಟ್ಟರು. ವಂಶವೃಕ್ಷದಲ್ಲೂ ಅದೇ ‘ಉರ್ಫ್’ ಬರುವಂತೆ ನೋಡಿಕೊಂಡರು. ಅದರಲ್ಲಿ ಒಂದೇ ಹೆಸರು ಬಂದಿದ್ದರೆ ಅಫಿಡವಿಟ್ ಇದ್ದೂ ತಕರಾರು ಉಳಿಯುತ್ತಿತ್ತು. ನೋಟಿಸಿನ ಅವಧಿಯಲ್ಲಿ ಆಕ್ಷೇಪಣೆ ಬರಲಿಲ್ಲ, ಖಾತೆ ಆಯಿತು.

ಮಗನ ಅಂಕಪಟ್ಟಿಯಲ್ಲಿರುವ ‘ಮೌನೇಶ’ವನ್ನು ಹಾಗೇ ಬಿಟ್ಟರು. ಸಾಲಿಯ ವಹಿ ಸರಿಯಿದ್ದು ಅಂಕಪಟ್ಟಿ ಮಾತ್ರ ತಪ್ಪಿದ್ದರೆ ಮುಖ್ಯ ಗುರುಗಳ ಮೂಲಕ ಮಂಡಳಿಗೆ ಬರೆದು ತಿದ್ದಿಸಬಹುದಿತ್ತು. ಇಲ್ಲಿ ವಹಿಯಲ್ಲೇ ಹಾಗಿದೆ, ಅದನ್ನು ಬದಲಿಸುವ ದಾರಿ ಉದ್ದ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕೋ ಜಾತಿ ಪ್ರಮಾಣಪತ್ರಕ್ಕೋ ತಂದೆಯ ಹೆಸರಿನ ಪ್ರಶ್ನೆ ಬಂದರೆ ಅದೇ ಅಫಿಡವಿಟ್ಟಿನ ನಕಲನ್ನು ಅಂಕಪಟ್ಟಿಯ ಜೊತೆ ಲಗತ್ತಿಸುತ್ತಾರೆ. ಮೂಲ ಪ್ರತಿಯನ್ನು ಯಾವ ಕಚೇರಿಗೂ ಬಿಟ್ಟುಕೊಡದೆ ಮನೆಯಲ್ಲೇ ಇಟ್ಟಿದ್ದಾರೆ.

ಮಗುವಿನ ಕಡೆಯಿಂದ ಉಳಿದಿರುವುದು ಎರಡು ಕೆಲಸ. ಐದು ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು ಕೊಡಬೇಕು. ಆಗ ಹೆಸರಿನ ಕಾಲಂ ಮುಟ್ಟದಂತೆ ಹೇಳಬೇಕು. 2030ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿಸುವಾಗ ಬಾಯಲ್ಲಿ ಹೆಸರು ಹೇಳದೆ ಜನನ ಪ್ರಮಾಣಪತ್ರವನ್ನು ಕೈಗೆ ಕೊಟ್ಟು, ದಾಖಲಾತಿ ವಹಿಯಲ್ಲೂ ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ತಂತ್ರಾಂಶ) ನಮೂದಿನಲ್ಲೂ ಮಗುವಿನ, ತಂದೆಯ, ತಾಯಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ನೋಡಬೇಕು. ‘ಮೌನಪ್ಪ ಅಂತ ತಿದ್ದಲೇನ್ರಿ?’ ಎಂದು ಮಾಸ್ತರರು ಕೇಳಿದರೆ, ಬೇಡ ಎನ್ನಬೇಕು.